ನೀಲಿ ತೊಟ್ಟಿಯಲ್ಲಿ ಮದುಮಗ

ಜುಮಿರಾ ಬಂದು ಮುರ್ತಿಯವರ ಜಗುಲಿಯ ಮೇಲೆ ಕುಳಿತಾಗ, ಅಲ್ಲೇ ಅನ್ನ ಮಾರುವ ಕಸ್ಮಿನಾ ಬಾಳೆಲೆಯಲ್ಲಿ ಅನ್ನದ ಪೊಟ್ಟಣ ಕಟ್ಟುತ್ತಿದ್ದಳು. ಬಂದವಳ ಗಂಡ ವಾಗಿರಾನ್‌ನನ್ನು ಪೊಲೀಸರು ಹಿಂದಿನ ದಿನವೇ ಎಳೆದೊಯ್ದಿದ್ದರು.

ಪಕ್ಕದ ಬಾಟಿಕ್ ಕಾರ್ಖಾನೆಯ ನೀಲಿ ಬಣ್ಣದ ತೊಟ್ಟಿಯಲ್ಲಿ ತೂಬಾನ್ ಊರಿನ ಪ್ರಸೋಜೊ ಎಂಬ ದೋಣಿ ಬಡಗಿ ಅಂದು ಬೆಳಗಿನ ಹೊತ್ತು ಹೆಣವಾಗಿ ಸಿಕ್ಕಿದ್ದ. ಯಾರೋ ತಲೆಗೆ ಹೊಡೆದು, ತಲೆಕೆಳಗಾಗಿ ಸೊಂಟದವರೆಗೂ ಒಳಗೆ ಅದುಮಿ ಹಿಡಿದಿದ್ದರು. ಬಟ್ಟೆಯ ಮೇಲೆ ಮೇಣದಿಂದ ಚಿತ್ರ ಬರೆಯುವ ವೆನಿಂಗ್ ಜೊತೆ ಅವನ ಮದುವೆಗೆ ಒಂದೇ ವಾರ ಉಳಿದಿತ್ತು. ಅಲ್ಲಿನ ಬಣ್ಣಗಾರ ವಾಗಿರಾನ್, ನಮ್ಮ ಒಳ್ಳೇ ಕೆಲಸಗಾತೀನ ತೂಬಾನಿಗೆ ಕರಕೊಂಡು ಹೋದ್ರೆ ನಿನ್ನನ್ನೇ ನೀಲಿಗೆ ಅದ್ದಿಬಿಡ್ತೀನಿ ಎಂದು ನಾಲ್ಕು ಜನರೆದುರು ಮದುಮಗನಿಗೆ ಹೇಳಿದ್ದ. ಅವನ ಕೈ ಬೇರೆ ಮೊಣಕೈವರೆಗೂ ನೀಲಿ. ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಗಿತ್ತು.

"ಆ ಕೈ ಇಪ್ಪತ್ತು ವರ್ಷದಿಂದ ನೀಲೀನೇ ಬೂ ಮುರ್ತಿ," ಎಂದಳು ಜುಮಿರಾ. "ನನ್ನ ಮದುವೆ ದಿನಾನೂ ನೀಲೀನೇ ಇತ್ತು. ಬಾಯಿ ಜೋರು ಅವರದ್ದು, ಕೈಯಲ್ಲ."

ಊರಿಗೆಲ್ಲ ‘ಬೂ’, ಅಂದರೆ ಅಮ್ಮ, ಆಗಿದ್ದ ಮುರ್ತಿ ಕೋರ್ಟಿನಲ್ಲಿ ಮೂವತ್ತು ವರ್ಷ ಸಾಕ್ಷಿಗಳ ಹೇಳಿಕೆ ಬರೆದುಕೊಂಡು ನಿವೃತ್ತಿಯಾದವರು. ಊರಿನವರು ಪೊಲೀಸರಿಗಿಂತ ಮೊದಲು ಅವರ ಜಗುಲಿ ಹತ್ತುತ್ತಿದ್ದರು. ಅವರು ಜುಮಿರಾಳಿಗೆ ಚಹಾ ಕೊಡಿಸಿ ಕಳಿಸಿ, ಕಸ್ಮಿನಾಳತ್ತ ತಿರುಗಿದರು.

"ಕೂಗು ಕೇಳಿ ಮೊದಲು ಓಡಿದವಳು ನೀನು. ಕಂಡದ್ದನ್ನ ಹೇಳು. ಅನಿಸಿದ್ದು ಬೇಡ."

ಕಸ್ಮಿನಾಳಿಗೆ ಅನಿಸಿದ್ದೇ ಹೆಚ್ಚು. ಕಣ್ಣೀರು ಹಾಕದ ವೆನಿಂಗ್ ಮೇಲೂ, ಕೆಲಸಗಾತಿ ಕೈಬಿಟ್ಟು ಹೋಗುತ್ತಾಳೆಂದು ಮುನಿಸಿಕೊಂಡಿದ್ದ ಕಾರ್ಖಾನೆಯ ಯಜಮಾನಿಯ ಮೇಲೂ ಅವಳಿಗೆ ಅನುಮಾನ. ಆದರೂ ಅದನ್ನೆಲ್ಲ ನುಂಗಿಕೊಂಡು ಕಂಡದ್ದನ್ನಷ್ಟೇ ಹೇಳಿದಳು. ಕೂಗಿದ್ದು ಮೇಣದ ವ್ಯಾಪಾರಿ ಸುಕಾರ್ಸೊ. ಬೆಳಿಗ್ಗೆ ಮೇಣ ಇಳಿಸಲು ಬಂದವನು ಹೆಣ ಕಂಡು, ತೊಟ್ಟಿಗೆ ಕೈಹಾಕಿ ಭುಜ ಹಿಡಿದು ಹೊರಗೆಳೆದನಂತೆ. ಅವಳು ಹೋದಾಗ ಹೆಣದ ಅಂಗಿ ಬಾಳೆಸುಳಿಯಂತೆ ಹಸಿರಾಗಿತ್ತು. ನೋಡುತ್ತಿದ್ದಂತೆ ನೀಲಿಗೆ ತಿರುಗಿತು. ಸುಕಾರ್ಸೊ ನಡುಗುತ್ತಿದ್ದ. ಅವಳೇ ತೋಳು ಹಿಡಿದು ಕೂರಿಸಿದಳು. ಅವನ ಬಿಳಿ ಅಂಗಿಯ ತೋಳುಗಳು ನೀಲಿಯಾಗಿ ಹಾಳಾಗಿದ್ದವು.

"ನಿನ್ನ ಕೈಗೆ ಬಣ್ಣ ಹತ್ತಿತಾ?"

"ಇಲ್ಲ ಬೂ. ಒಣಗಿತ್ತು."

ಮುರ್ತಿ ಮತ್ತೇನೂ ಕೇಳದೆ ವೆನಿಂಗ್ ಮನೆಗೆ ಹೊರಟರು. ಆ ಹುಡುಗಿ ಗೋಡೆಗೊರಗಿ ಕುಳಿತಿದ್ದಳು. ಹಿಂದೆ ಬಿದ್ದವರುಂಟೇ ಎಂದು ಕೇಳಿದ್ದಕ್ಕೆ, ತನಗೆ ಯಾರೂ ಕಾಗದ ಬರೆದವರಿಲ್ಲ, ದಾರಿಗೆ ಅಡ್ಡ ಬಂದವರೂ ಇಲ್ಲ ಎಂದಳು. ಆಮೇಲೆ ತಾನಾಗಿಯೇ ಒಂದು ಮಾತು ಹೇಳಿದಳು.

"ಒಂಬತ್ತು ವರ್ಷ ಬಟ್ಟೆ ಮೇಲೆ ಬರೆದಿದೀನಿ ಬೂ. ಎಲ್ಲಾ ಮಾರಿಹೋಗತ್ತೆ. ಆದ್ರೆ ನನ್ನ ಬಟ್ಟೆ ಉಟ್ಟ ಒಬ್ಬರನ್ನೂ ನಾನು ಕಂಡಿಲ್ಲ. ತೂಬಾನಲ್ಲಾದ್ರೂ ಕಾಣ್ತೀಯ ಬಿಡು ಅಂತಿದ್ರು ಪ್ರಸೋಜೊ."

ಮುರ್ತಿ ಅಲ್ಲಿಂದ ನೇರವಾಗಿ ಇನ್‌ಸ್ಪೆಕ್ಟರ್ ಬಳಿ ಹೋಗಿ, ಒಂದು ಮನೆ ಶೋಧಿಸಬೇಕೆಂದು ಕೇಳಿಕೊಂಡರು.

ಮರುದಿನ ಮಧ್ಯಾಹ್ನ ಎಲ್ಲರನ್ನೂ ತೊಟ್ಟಿಯ ಬಳಿ ಸೇರಿಸಿದರು. ವಾಗಿರಾನ್‌ನ ಕೈಗೆ ಬೇಡಿಯಿತ್ತು. ಸುಕಾರ್ಸೊ ಇಸ್ತ್ರಿ ಮಾಡಿದ ಬೇರೊಂದು ಬಿಳಿ ಅಂಗಿ ತೊಟ್ಟು ಬಂದಿದ್ದ. ಮುರ್ತಿ ಬಿಳಿ ಬಟ್ಟೆಯ ತುಂಡೊಂದನ್ನು ಬಣ್ಣಕ್ಕೆ ಅದ್ದಿ ತೆಗೆದು ಹಗ್ಗಕ್ಕೆ ನೇತುಹಾಕಿದರು. ಬಟ್ಟೆ ಹಸಿರಾಗಿ ತೊಟ್ಟಿಕ್ಕುತ್ತಿತ್ತು. ಅದು ಅಂಚಿನಿಂದ ನಿಧಾನವಾಗಿ ನೀಲಿಯಾಯಿತು.

"ಗಾಳಿ ತಾಗೋವರೆಗೂ ಇದು ನೀಲಿ ಆಗಲ್ಲ. ಹೆಣದ ಅಂಗಿ ಹಸಿರಿತ್ತು, ಅಂದ್ರೆ ಆಗಷ್ಟೇ ಹೊರಗೆ ಬಂದಿತ್ತು," ಎಂದರು ಮುರ್ತಿ. "ಸುಕಾರ್ಸೊ ಅವರೇ, ಅದೇ ಗಳಿಗೇಲಿ ಕೈ ಹಾಕಿದ ನಿಮ್ಮ ತೋಳು ಮಾತ್ರ ಹೆಂಗೆ ನೀಲಿಯಾಗಿ ಒಣಗಿತ್ತು?"

ಉಳಿದದ್ದನ್ನು ಮುರ್ತಿಯವರೇ ಬಿಡಿಸಿ ಹೇಳಿದರು. ಹೆಣ ಹೊರಬರುವುದಕ್ಕೆ ಬಹಳ ಮೊದಲೇ ಆ ತೋಳು ಬಣ್ಣದಲ್ಲಿ ಮುಳುಗಿತ್ತು. ಪ್ರಸೋಜೊನನ್ನು ಅದುಮಿ ಹಿಡಿದಾಗ. ಕಲೆ ಹೋಗುವಂಥದ್ದಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಜನ ಓಡಾಡತೊಡಗಿದ್ದರು. ಆ ತೋಳಿಟ್ಟುಕೊಂಡು ಹೊರಗೆ ಹೋಗುವಂತಿಲ್ಲವಾದ್ದರಿಂದ ಹೆಣವನ್ನು ತಾನೇ ಕಂಡುಹಿಡಿದಂತೆ ನಟಿಸಬೇಕಾಯಿತು. ಭುಜಕ್ಕೆ ಕೈಹಾಕಿದನೆಂಬುದು ಸುಳ್ಳು. ಹೊರಗಿದ್ದ ಕಾಲು ಹಿಡಿದು ಎಳೆದಿದ್ದ. ಅದಕ್ಕೇ ತೋಳು ಮತ್ತೆ ನೆನೆದಿರಲಿಲ್ಲ. ವಾಗಿರಾನ್‌ನ ಬೈಗುಳ ಊರಿಗೆಲ್ಲ ಗೊತ್ತಿದ್ದದ್ದು ಅವನಿಗೆ ಅನುಕೂಲವಾಯಿತು.

ಇನ್‌ಸ್ಪೆಕ್ಟರ್ ಸನ್ನೆ ಮಾಡಿದರು. ಪೊಲೀಸರು ಸುಕಾರ್ಸೊನ ಮನೆಯಿಂದ ತಂದ ಎರಡು ಪೆಟ್ಟಿಗೆ ತೆರೆದರು. ಒಳಗೆ ವೆನಿಂಗ್ ಒಂಬತ್ತು ವರ್ಷ ಬರೆದ ಬಟ್ಟೆಗಳೆಲ್ಲ ಇದ್ದವು. ಎಲ್ಲ ಮಾರಿಹೋಗಿಯೂ ಯಾರೂ ಉಡದ ಬಟ್ಟೆ ಒಬ್ಬನ ಮನೆಯಲ್ಲೇ ಸೇರಿರಬೇಕೆಂದು ಮುರ್ತಿ ಊಹಿಸಿದ್ದರು. ಸುಕಾರ್ಸೊ ಬೇರೆ ಬೇರೆ ಹೆಸರಿನಲ್ಲಿ ಕೊಂಡು, ಒಂದರ ಮಡಿಕೆಯನ್ನೂ ಬಿಚ್ಚದೆ, ನಡುವೆ ಮಲ್ಲಿಗೆ ಇಟ್ಟು ಜೋಡಿಸಿದ್ದ.

ತನ್ನ ನೆರೆಯಲ್ಲೇ ನಡೆದದ್ದು ಇದು ಎಂದು ಕಸ್ಮಿನಾ ಪೆಟ್ಟಿಗೆಯಿಂದ ಹಿಂದೆ ಸರಿದಳು. ಹೆಣ ಸಿಕ್ಕ ಬೆಳಿಗ್ಗೆ ಆ ಮನುಷ್ಯನಿಗೆ ತಾನೇ ಸಕ್ಕರೆ ಹೆಚ್ಚು ಹಾಕಿ ಚಹಾ ಕುಡಿಸಿದ್ದಳು.

"ಅವನು ಕರಕೊಂಡು ಹೋಗಿದ್ರೆ ಅವಳು ಬರೆಯೋದೇ ಬಿಡ್ತಿದ್ದಳು," ಎಂದ ಸುಕಾರ್ಸೊ. ಅವನ ದನಿಯಲ್ಲಿ ನಡುಕವಿರಲಿಲ್ಲ. ಅವನು ವೆನಿಂಗ್ ಕಡೆ ತಿರುಗಿದ. "ನಾನು ಒಂದು ದಿನಾನೂ ನಿನಗೆ ತೊಂದರೆ ಕೊಟ್ಟವನಲ್ಲ. ನಿನ್ನ ಮೇಣಾನ ನಾನೇ ಬೇರೆ ಕಾಯಿಸಿ, ಸೋಸಿ ತರ್ತಿದ್ದೆ. ಅದು ನಿನಗೂ ಗೊತ್ತು."

ವೆನಿಂಗ್ ಪೆಟ್ಟಿಗೆಯಿಂದ ತಲೆಯೆತ್ತಿ ಅವನನ್ನು ನೋಡಿದಳು.

"ಮೇಣ ತರೋದು ನೀವು ಅಂತಾನೇ ನನಗೆ ಗೊತ್ತಿರಲಿಲ್ಲ," ಎಂದಳು.

ಕೊಲೆಗಾರನೆಂದಾಗಲೂ ನೆಟ್ಟಗೆ ನಿಂತಿದ್ದ ಸುಕಾರ್ಸೊ ಆ ಮಾತಿಗೆ ಕುಸಿದು ಕುಳಿತ. ಇಬ್ಬರು ಪೊಲೀಸರು ಕಂಕುಳಿಗೆ ಕೈಕೊಟ್ಟು ಅವನನ್ನು ಎಬ್ಬಿಸಿ ನಡೆಸಬೇಕಾಯಿತು.