ಮೆದುಳಿನ ಮಡಿ

"ಒಳಗ ಬರಬ್ಯಾಡ್ರಿ, ಡಾಕ್ಟರೇ."

ಮಾನ್ವಿ ಊರಿನ ತನ್ನ ಮನೆ ಬಾಗಿಲಿಗೆ ಹರಿಪ್ರಿಯಾ ಅಡ್ಡ ನಿಂತಳು. ಹೊಸ್ತಿಲಾಚೆ ಡಾಕ್ಟರ್ ಸುಮಂತ, ಕೈಯಲ್ಲಿ ಔಷಧದ ಚೀಲ.

ಇವನನ್ನು ನಂಬಿ ಕೆಟ್ಟೆನೇನೋ... ಅವ್ವನ ತಲೆಯೊಳಗಿನ ಗಡ್ಡೆ ಕರಗುವುದಿರಲಿ, ಇನ್ನೂ ದೊಡ್ಡದಾಗಿದೆ. ನಿನ್ನೆ ರಾಯಚೂರಿನಲ್ಲಿ ತೆಗೆಸಿದ ಸ್ಕ್ಯಾನ್ ಹಾಗೇ ಹೇಳಿತ್ತು.

"ಬಾಜು ಮನಿ ರಜಿಯಾ ಬೇಗಂಗ ಎದಿ ಗಡ್ಡಿಗೆ ಇಂಜೆಕ್ಷನ್ ಕೊಟ್ರು, ಕರಗ್ತು. ನಮ್ಮವ್ವಗ ಯಾಕ ಬರೇ ಕ್ಯಾಪ್ಸೂಲ್?"

"ಆ ಇಂಜೆಕ್ಷನ್ ರಕ್ತದಾಗ ಓಡಾಡ್ತದ, ಮೆದುಳೊಳಗ ಹೋಗಂಗಿಲ್ರಿ. ನಡುವ ತಡಿಯೋ ಗ್ವಾಡಿ ಅದ."

ತಲೆಯೊಳಗೆ ಗೋಡೆಯಂತೆ! ಎಷ್ಟು ಚೆಂದ ಕಥೆ ಕಟ್ಟುತ್ತಾನೆ...

"ಗುರುವಾರಕ್ಕೊಮ್ಮೆ ದೇವದುರ್ಗದ ಕ್ಯಾಂಪಿಗೆ ಹೊಂಟೀನಿ ಅಂತ ಇಲ್ಲಿಗೆ ಬರ್ತೀರಿ. ರಾಯಚೂರಿಂದ ದೇವದುರ್ಗಕ್ಕ ಮಾನ್ವಿ ಮ್ಯಾಲೆ ಯಾರು ಹೋಗ್ತಾರ್ರಿ? ಏನದ ನಿಮ್ಮ ಮನಸ್ನ್ಯಾಗ?"

ಅವನು ತಲೆ ತಗ್ಗಿಸಿದ. ಕಳ್ಳನೇ ಸರಿ, ಅಂದುಕೊಂಡಳು. ಮನಸ್ಸು ಮಾತ್ರ 'ಅಲ್ಲ' ಅನ್ನುತ್ತಿತ್ತು. ಅದರ ಮೇಲೂ ಸಿಟ್ಟು ಬಂತು.

"ನಿಮ್ಮವ್ವ ಕ್ಯಾಪ್ಸೂಲ್ ನುಂಗೋದು ನೀವು ನೋಡೀರೇನ್ರಿ?"

"ಅವ್ವ ಮಡೀಲೆ ಇರ್ತಾಳ, ತಾನ ತಗೋತಾಳ. ಈಗ ಆಕಿ ಮ್ಯಾಲೆ ಸಂಶಯ ಏನು?"

ಒಳಗಿನಿಂದ ತಾಯಿ ಭಾಗೀರಥಿಬಾಯಿಯ ದನಿ ಬಂತು.

"ಅವನ್ನ ಬೈಬ್ಯಾಡ, ಪ್ರಿಯಾ. ನಾ ಒಂದೂ ನುಂಗಿಲ್ಲ. ಆ ಕ್ಯಾಪ್ಸೂಲಿನ ಸಿಪ್ಪಿ ದನದ ಎಲುಬಿಂದ ಮಾಡ್ತಾರಂತ. ಎಲ್ಲಾ ಹಿತ್ತಲ ಬೇವಿನ ಬುಡಕ್ಕ ಹುಗುದೀನಿ."

ಹರಿಪ್ರಿಯಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವ್ವನ ಆಯುಷ್ಯ ಹಿತ್ತಲಲ್ಲಿ ಮಣ್ಣಾಗುತ್ತಿದ್ದರೆ ತಾನು ಮುಂಬಾಗಿಲು ಕಾಯುತ್ತಿದ್ದಳು.

ಸುಮಂತ ಹೊಸ್ತಿಲು ದಾಟದೆ ಅಲ್ಲೇ ಕಟ್ಟೆಯ ಮೇಲೆ ಕುಳಿತ.

"ಕಾಕು, ಮಡೀಲಿದ್ದಾಗ ಅಡಗಿಮನಿಗೆ ಯಾರನ್ನ ಬಿಡ್ತೀರಿ?"

"ಮಡಿ ಉಟ್ಟವರನ್ನಷ್ಟ."

"ಮೆದುಳಿಂದೂ ಅಂಥದೇ ಮಡಿ. ಎಂಥೆಂಥಾ ಔಷಧಾನ ಬಾಗಿಲಾಗ ನಿಲ್ಲಸ್ತದ. ಈ ಕ್ಯಾಪ್ಸೂಲನ್ನ ಒಳಗ ಬಿಡ್ತದ. ಪೂರಾ ಗುಣ ಆಗ್ತದಂತ ಸುಳ್ಳು ಹೇಳಂಗಿಲ್ಲ. ಆದ್ರ ಮೆದುಳೇ ಒಪ್ಪಿದ್ದನ್ನ ನೀವು ಒಪ್ಪಂಗಿಲ್ಲೇನ್ರಿ?"

ಭಾಗೀರಥಿಬಾಯಿ ಮೆಲ್ಲಗೆ ಬಾಗಿಲಿಗೆ ಬಂದು, ಮಗಳ ಮುಖ ನೋಡಿ, ಅವನ ಕೈಯಿಂದಲೇ ಚೀಲ ಇಸಿದುಕೊಂಡರು.

"ಇಕಿ ಸಲುವಾಗಿ ತಗೋತೀನಪಾ. ಮಡಿದೇನದ, ಮತ್ತ ಸ್ನಾನ ಮಾಡಿದ್ರಾತು."

ಅವರು ಒಳಗೆ ಹೋದರು. ಹರಿಪ್ರಿಯಾಳ ಕಣ್ಣು ತುಂಬಿತ್ತು.

"ತಪ್ಪಾತ್ರಿ... ಸುಳ್ಳಗಾರ ಅಂತ ತಿಳಕೊಂಡಿದ್ದೆ."

"ಸುಳ್ಳು ಹೇಳೀನಿ. ದೇವದುರ್ಗದ ಹಾದಿ ಇತ್ತಾಗಿಲ್ಲ. ನಿಮ್ಮನ್ನ ನೋಡಾಕ ಸುತ್ತು ಹಾಕ್ಕೊಂಡು ಬರ್ತೀನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲಿಂದ ಪಕ್ಕಕ್ಕೆ ಸರಿದಳು.

"ಹಂಗಾರ... ಒಳಗ ಬರ್ರಿ."