ಗೋಕರ್ಣಕ್ಕೆ ಹೊರಟಿದ್ದ ಕ್ಯಾಮೆರಾ

ವೀರಭದ್ರಯ್ಯನವರು ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದರೆ ವಿಷಯ ಗಂಭೀರ ಎಂದು ನೊಣವಿನಕೆರೆಯಲ್ಲಿ ಎಲ್ಲರಿಗೂ ಗೊತ್ತು. ಆ ಮಧ್ಯಾಹ್ನ ಅವರು ತೋಂಟದಾರ್ಯ ಡಾಕ್ಟರ ಮನೆಯ ಮುಂದೆ ಮೊಪೆಡ್ಡಿನಿಂದ ಇಳಿಯುವ ಮೊದಲೇ ಶುರು ಮಾಡಿದ್ದರು.

"ಡಾಕ್ಟ್ರೇ, ನಮ್ಮನೇಲಿ ಕಳ್ಳತನ ಆಗೈತೆ. ಕ್ಯಾಮೆರಾ ಹೋಯ್ತು."

ಜಗುಲಿಯ ಮೇಲೆ ಡಾಕ್ಟರ ಜೊತೆ ಕಾಫಿ ಕುಡಿಯುತ್ತಿದ್ದ ಸ್ಟುಡಿಯೊ ಮಹಾಂತೇಶನ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು. ಆ ಕ್ಯಾಮೆರಾ ಆರಿಸಿಕೊಟ್ಟವನು ಅವನೇ. ಹಿಂದಿನ ದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ಅದನ್ನು ಬಳಸುವ ಪಾಠ ಹೇಳಿಕೊಟ್ಟು ಬಂದವನೂ ಅವನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಸಮಯಕ್ಕೆ ಸರಿಯಾಗಿ ನೆನಪಾಗಿ, ಹೆಗಲ ಮೇಲಿನ ಟವೆಲ್ಲು ಸರಿ ಮಾಡಿಕೊಳ್ಳಲು ಎತ್ತಿದ್ದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

ತೋಂಟದಾರ್ಯ ಡಾಕ್ಟರು ದನದ ಡಾಕ್ಟರು. ನಿವೃತ್ತಿಯಾದ ಮೇಲೆ ಊರಿನ ದನಗಳು ಅವರನ್ನು ಬಿಟ್ಟರೂ ಊರಿನ ಜನ ಬಿಡಲಿಲ್ಲ. ಪಂಪ್‌ಸೆಟ್ಟಿನ ಕೇಬಲ್ ಕದ್ದವನು ಯಾರು, ಮದುವೆಮನೆಯಲ್ಲಿ ಹೋಳಿಗೆ ಬುಟ್ಟಿ ಖಾಲಿ ಮಾಡಿದವರು ಯಾರು, ಎಲ್ಲ ತೀರ್ಮಾನವೂ ಅವರ ಜಗುಲಿಯಲ್ಲೇ. ಬಾಯಿ ಬಾರದ ರೋಗಿಯ ಹೊಟ್ಟೆನೋವು ಕಂಡುಹಿಡಿದವನಿಗೆ ಬಾಯಿ ಬರುವವರ ಸುಳ್ಳು ಯಾವ ಲೆಕ್ಕ ಎಂದು ಅವರು ಹೇಳುತ್ತಿದ್ದರು. ಸ್ಕೂಟರಿನಲ್ಲಿ ಅವರನ್ನು ಹಿಂದೆ ಕೂರಿಸಿಕೊಂಡು ಓಡಾಡುವ ಭಾಗ್ಯ ಮಹಾಂತೇಶನದು. ಸ್ಟುಡಿಯೊದಲ್ಲಿ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ನೋಡಿ ನೋಡಿ ಬೇಸತ್ತ ಅವನಿಗೆ ಇದೊಂದೇ ಮನರಂಜನೆ.

ಕ್ಯಾಮೆರಾದ ಕತೆಯನ್ನು ಇಲ್ಲಿ ಹೇಳಬೇಕು. ವೀರಭದ್ರಯ್ಯನವರ ಮನೆಯವರು ದಸರಾ ರಜೆಗೆ ಗೋಕರ್ಣಕ್ಕೆ ಹೊರಟಿದ್ದರು. ಹೊರಟವರು ಮಗ ರೇಣುಕಪ್ರಸಾದ್, ಸೊಸೆ ಸಿಂಧು, ಕಾಲೇಜು ಓದುವ ಮೊಮ್ಮಗಳು ನಿಸರ್ಗ, ಮತ್ತು ವೀರಭದ್ರಯ್ಯನವರ ಹೆಂಡತಿ ಗಿರಿಜಾಂಬಿಕಾ. ಊರಿನವರ ಬಾಯಲ್ಲಿ ಆಕೆ ಗಿರಿಜಮ್ಮ. ಗಿರಿಜಮ್ಮ ಸಮುದ್ರ ನೋಡಿರಲಿಲ್ಲ. ಮದುವೆಯಾದಂದಿನಿಂದ ಕೇಳಿದಾಗಲೆಲ್ಲ ವೀರಭದ್ರಯ್ಯನವರು ಮುಂದಿನ ವರ್ಷ ನೋಡೋಣ ಎಂದೇ ಹೇಳಿಕೊಂಡು ಬಂದಿದ್ದರು. ಸಮುದ್ರ ಅಂದರೆ ಉಪ್ಪುನೀರು, ಅದರಲ್ಲಿ ನೋಡುವುದೇನಿದೆ ಎನ್ನುವುದು ಅವರ ಸಿದ್ಧಾಂತ. ಈ ಸಲವೂ ತೋಟ ಬಿಟ್ಟು ತಾವು ಬರುವುದಿಲ್ಲ, ಬೇಕಾದವರು ಹೋಗಿಬನ್ನಿ ಎಂದಿದ್ದರು.

ಮನೆ ತುಂಬ ಫೋನುಗಳಿರುವಾಗ ಕ್ಯಾಮೆರಾ ಯಾಕೆ ಎಂದು ಸಿಂಧು ಕೇಳಿದ್ದಳು. ಬೇಕು ಎಂದವರು ಗಿರಿಜಮ್ಮ. ಫೋನಿನ ಗಾಜು ತಮ್ಮ ಒರಟು ಬೆರಳಿನ ಮಾತು ಕೇಳುವುದಿಲ್ಲ, ಒತ್ತಿದರೆ ಒತ್ತಿದ ಹಾಗೆ ಗೊತ್ತಾಗುವ ಗುಂಡಿ ಇರಬೇಕು ಎಂದರು. ಜೀವಮಾನದಲ್ಲಿ ಆಕೆ ಬಾಯಿಬಿಟ್ಟು ಕೇಳಿದ ವಸ್ತುಗಳು ಕಡಿಮೆ, ಆದ್ದರಿಂದ ಮನೆಯವರೆಲ್ಲ ಮಹಾಂತೇಶನ ಸ್ಟುಡಿಯೊಗೆ ಬಂದರು.

ಅಲ್ಲಿ ನಡೆದದ್ದು ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಹೆಚ್ಚಿನ ಗಲಾಟೆ. ರೇಣುಕಪ್ರಸಾದನಿಗೆ ಮೊಳದುದ್ದ ಲೆನ್ಸಿನ ದೊಡ್ಡ ಕ್ಯಾಮೆರಾದ ಮೇಲೆ ಕಣ್ಣು. ನಿಸರ್ಗಳಿಗೆ ನೀರಿಗೆ ಬಿದ್ದರೂ ಕೆಡದ ನೀಲಿ ಬಣ್ಣದ್ದು ಬೇಕು. ವೀರಭದ್ರಯ್ಯನವರು ಒಂದೊಂದನ್ನೂ ಎತ್ತಿನ ಹಲ್ಲು ನೋಡುವ ಹಾಗೆ ತಿರುಗಿಸಿ ನೋಡಿ, ಇದು ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದರು. ಮಹಾಂತೇಶ ತಾಳ್ಮೆಯಿಂದ ತಿಳಿಹೇಳಿದ. ಮೆಗಾಪಿಕ್ಸೆಲ್ ಲೆಕ್ಕಕ್ಕೆ ಮರುಳಾಗಬಾರದು, ಮನೆಯ ಆಲ್ಬಮ್ಮಿಗೆ ಇರುವುದೇ ಹೆಚ್ಚು. ದೊಡ್ಡದನ್ನು ಕೊಂಡರೆ ಹೊರಲು ಒಬ್ಬ ಆಳು ಬೇಕು. ಕಡಿಮೆ ಬೆಲೆಗೆ ಬೇಕೆಂದರೆ ಒಬ್ಬರು ಬಳಸಿ ಮಾರಿದ ಪುಟ್ಟ ಕ್ಯಾಮೆರಾ ಒಳ್ಳೆಯದು. ಪೆನ್ಸಿಲ್ ಸೆಲ್ಲು ಹಾಕಿದರೆ ಸಾಕು, ಚಾರ್ಜರಿನ ತಾಪತ್ರಯವಿಲ್ಲ, ಸೆಲ್ಲು ಯಾವ ಬೀಡಿ ಅಂಗಡಿಯಲ್ಲೂ ಸಿಗುತ್ತದೆ. ಗಿರಿಜಮ್ಮ ಅದರ ಗುಂಡಿ ಒತ್ತಿ ನೋಡಿ ಟಕ್ ಎಂದಾಗ ನಕ್ಕರು. ವ್ಯಾಪಾರ ಅಲ್ಲಿಗೆ ಮುಗಿಯಿತು.

ಈಗ ಅದೇ ಕ್ಯಾಮೆರಾ ಮಾಯವಾಗಿತ್ತು. ನಾಳೆ ಬೆಳಗಿನ ಜಾವ ಕಾರು ಹೊರಡಬೇಕು.

"ಮನೇಲಿ ಕಳ್ಳ ಇರುವಾಗ ಮನೆ ಬಿಟ್ಟು ಹೋಗೋದು ಅಂದ್ರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟಂಗೆ," ಎಂದರು ವೀರಭದ್ರಯ್ಯ. "ಅದು ಸಿಗೋಗಂಟ ಒಬ್ರೂ ಹೊಸ್ತಿಲು ದಾಟಂಗಿಲ್ಲ ಅಂತ ಹೇಳಿ ಬಂದಿವ್ನಿ."

ಮಹಾಂತೇಶನಿಗೆ ಗಿರಿಜಮ್ಮನ ಮುಖ ಕಣ್ಣ ಮುಂದೆ ಬಂತು. ತನ್ನ ಮೇಲಿನ ಅನುಮಾನದ ಹೆದರಿಕೆಯನ್ನೂ ಮರೆತು ಅವನು ಸ್ಕೂಟರಿನ ಕಡೆ ಓಡಿದ.

ಮನೆಯಲ್ಲಿ ಡಾಕ್ಟರು ಮೊದಲು ನೋಡಿದ್ದು ಪಡಸಾಲೆಯ ಗೂಟಕ್ಕೆ ನೇತುಹಾಕಿದ್ದ ಕ್ಯಾಮೆರಾದ ಚೀಲವನ್ನು. ಒಳಗೆ ಕ್ಯಾಮೆರಾ ಇರಲಿಲ್ಲ, ಎರಡು ಪೆನ್ಸಿಲ್ ಸೆಲ್ಲುಗಳಿದ್ದವು. ಆ ಸೆಲ್ಲುಗಳನ್ನು ನಿನ್ನೆ ತಾನೇ ಕ್ಯಾಮೆರಾಕ್ಕೆ ಹಾಕಿದ್ದೆನೆಂದು ಮಹಾಂತೇಶ ಆಣೆ ಮಾಡಿ ಹೇಳಿದ. ನಿನ್ನೆಯ ಪಾಠದಲ್ಲಿ ಏನೇನು ಹೇಳಿದೆ, ಯಾರು ಯಾರು ಕೇಳಿದರು ಎಂದು ಡಾಕ್ಟರು ವಿಚಾರಿಸಿದರು. ಗುಂಡಿ ಎಲ್ಲಿದೆ, ಝೂಮ್ ಹೇಗೆ, ಮರಳು ತಾಗದಂತೆ ನೋಡಿಕೊಳ್ಳುವುದು, ನೀರು ಬಿದ್ದರೆ ಮೊದಲು ಸೆಲ್ಲು ತೆಗೆದು ಪೂರ್ತಿ ಒಣಗುವ ತನಕ ಆನ್ ಮಾಡದಿರುವುದು, ಎಲ್ಲವನ್ನೂ ಹೇಳಿದ್ದೆ ಎಂದ. ಕೇಳಿದವರ ವಿಷಯಕ್ಕೆ ಬಂದಾಗ ಮಾತ್ರ ಅವನಿಗೆ ಸ್ವಲ್ಪ ಅವಮಾನವಾಯಿತು. ರೇಣುಕಪ್ರಸಾದ್ ತಿಪಟೂರಿನ ಕೊಬ್ಬರಿ ದರ ಕೇಳುತ್ತ ಫೋನಿನಲ್ಲಿದ್ದ, ಸಿಂಧು ಬಟ್ಟೆ ಮಡಿಸುತ್ತಿದ್ದಳು, ನಿಸರ್ಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ್ದಳು, ಯಜಮಾನರು ತೂಕಡಿಸುತ್ತಿದ್ದರು. ಗಿರಿಜಮ್ಮ ಒಬ್ಬರೇ ಕೇಳಿಸಿಕೊಂಡವರು.

ಆಮೇಲೆ ವಿಚಾರಣೆ. ರೇಣುಕಪ್ರಸಾದನಿಗೆ ದೊಡ್ಡ ಕ್ಯಾಮೆರಾದ ಆಸೆ ಇನ್ನೂ ಹೋಗಿರಲಿಲ್ಲ. ಕಂತಿನಲ್ಲಿ ಸಿಗುತ್ತದೆಯೇ ಎಂದು ಹಿಂದಿನ ಸಂಜೆ ತಾನೇ ಮಹಾಂತೇಶನಿಗೆ ಫೋನ್ ಮಾಡಿದ್ದ. ಅಪ್ಪನಿಗೆ ಕೇಳಿಸದಂತೆ, ಅಟ್ಟದ ಕಾಯಿ ಕೊಬ್ಬರಿಯಾದ ಮೇಲೆ ಕೊಳ್ಳುವ ಯೋಚನೆ ಎಂದು ಪಿಸುಗುಟ್ಟಿದ. ಅಟ್ಟಕ್ಕೆ ಕಾಯಿ ಯಾವಾಗ ಹಾಕಿದಿರಿ ಎಂದು ಡಾಕ್ಟರು ಕೇಳಿದರು. ಯುಗಾದಿ ಕಳೆದ ಮೇಲೆ ಹಾಕಿದ್ದು, ಇಳಿಸುವುದು ಇನ್ನು ಶಿವರಾತ್ರಿಗೆ ಎಂದ. ನಿಸರ್ಗ, ಕಳೆದದ್ದು ಒಳ್ಳೆಯದೇ ಆಯಿತು, ಈಗಲಾದರೂ ನೀಲಿ ಕ್ಯಾಮೆರಾ ಕೊಳ್ಳಲಿ ಎಂದಳು. ಸಿಂಧು ತನಗೆ ಫೋನೇ ಸಾಕೆಂದು ಮೊದಲೇ ಹೇಳಿದ್ದೆನೆಂದು ಜ್ಞಾಪಿಸಿದಳು. ಯಜಮಾನರಂತೂ ಪ್ರವಾಸವೇ ಬೇಡವೆಂದವರು. ಮಹಾಂತೇಶ ಮನಸ್ಸಿನಲ್ಲೇ ಎಣಿಸಿ ನೋಡಿದ. ಮನೆಯಲ್ಲಿ ಕ್ಯಾಮೆರಾ ಕಳೆಯಲಿ ಎಂದು ಬಯಸದವರು ಗಿರಿಜಮ್ಮ ಒಬ್ಬರೇ. ಉಳಿದವರೆಲ್ಲ ಕಳ್ಳರಾಗಲು ಯೋಗ್ಯರು.

ಆ ಹೊತ್ತಿಗೆ ಗಿರಿಜಮ್ಮ ಮಜ್ಜಿಗೆ ತಂದರು. ಹೊಗೆಗೆ ಕಣ್ಣು ಕೆಂಪಗಾಗಿತ್ತು, ಸೆರಗಿಗೆ ತೆಂಗಿನ ನಾರಿನ ದೂಳು ಹತ್ತಿತ್ತು. ಡಾಕ್ಟರು ದೂಳಿನ ಕಡೆ ನೋಡಿದ್ದನ್ನು ಕಂಡು, ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ನೋಡಿ ಬಂದೆ ಎಂದು ತಾವಾಗಿಯೇ ಹೇಳಿದರು. ಕೇಳದೆ ಹೇಳಿದ ಆ ಮಾತು ಮಹಾಂತೇಶನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

"ಅತ್ತೆಗೆ ನಿನ್ನೆ ಮಧ್ಯಾಹ್ನದಿಂದ ಹಳೆ ಅಡಿಗೆಮನೆ ಹುಚ್ಚು ಹಿಡಿದೈತೆ ಕಣ್ರೀ," ಎಂದಳು ಸಿಂಧು. "ಗ್ಯಾಸ್ ಬುಟ್ಟು ಸೌದೆ ಒಲೆ ಹಚ್ಚವ್ರೆ. ಪ್ರಯಾಣಕ್ಕೆ ನಿಪ್ಪಟ್ಟು ಸುಡ್ತೀನಿ ಅಂತಾರೆ. ಒಲೆ ಉರೀತಾನೇ ಐತೆ, ಇದುವರ್ಗೂ ಒಂದು ನಿಪ್ಪಟ್ಟೂ ಕಾಣಲಿಲ್ಲ."

ಡಾಕ್ಟರು ಮಜ್ಜಿಗೆ ಕುಡಿದು ಹಿತ್ತಿಲಿಗೆ ಹೋದರು. ಅಲ್ಲಿ ದನಕ್ಕೆ ನೀರು ತುಂಬಿದ ಕಲ್ಲಿನ ತೊಟ್ಟಿ, ಬಟ್ಟೆ ಒಣಹಾಕುವ ಹಗ್ಗ. ಹಗ್ಗದ ಮೇಲೆ ಎರಡು ಟವೆಲ್ಲುಗಳ ನಡುವೆ ಗೇಣುದ್ದದ ಕಪ್ಪು ಪಟ್ಟಿಯೊಂದು ಕ್ಲಿಪ್ಪು ಹಾಕಿಸಿಕೊಂಡು ನೇತಾಡುತ್ತಿತ್ತು. ನಿಸರ್ಗಳ ಬ್ಯಾಗಿನದ್ದಿರಬೇಕು ಎಂದುಕೊಂಡ ಮಹಾಂತೇಶ. ಡಾಕ್ಟರು ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, ಒಂದು ಕ್ಷಣ ನಿಂತು, ಸಂಜೆ ಎಲ್ಲರೂ ಪಡಸಾಲೆಯಲ್ಲಿ ಇರಬೇಕೆಂದು ಹೇಳಿ ಮನೆಗೆ ಹೋಗಿ ಮಲಗಿಬಿಟ್ಟರು.

ಸಂಜೆ ಎಲ್ಲರೂ ಚಾಪೆಯ ಮೇಲೆ ಕೂತರು. ಯಜಮಾನರು ನ್ಯಾಯಾಧೀಶರ ಹಾಗೆ ಕುರ್ಚಿಯಲ್ಲಿದ್ದರು. ಗಿರಿಜಮ್ಮ ಬಾಗಿಲಿಗೆ ಒರಗಿ, ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತಿದ್ದರು. ಮಡಿಸಿಟ್ಟ ಬಟ್ಟೆಯ ಚೀಲಗಳು ಗೋಡೆಯ ಪಕ್ಕ ಹೊರಡಲು ಸಿದ್ಧವಾಗಿ ಸಾಲಾಗಿ ಕೂತಿದ್ದವು.

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಯಜಮಾನ್ರೇ, ಎತ್ತು ಕದ್ದೋನು ಮೂಗುದಾರ ಬಿಚ್ಚಿಟ್ಟು ಹೋಗ್ತಾನಾ? ಕಳ್ಳ ಆಗಿದ್ರೆ ಸೆಲ್ಲು ತೆಗೆದು ಜೋಪಾನವಾಗಿ ಚೀಲಕ್ಕೆ ಹಾಕ್ತಿರಲಿಲ್ಲ. ಇದು ಕಳ್ಳತನ ಅಲ್ಲ. ಸೆಲ್ಲು ಯಾಕೆ ತೆಗೀತಾರೆ ಮಹಾಂತೇಶ?"

"ನೀರು ಬಿದ್ರೆ," ಎಂದ ಮಹಾಂತೇಶ. ಅಂದ ಮೇಲೆ ಹಗ್ಗದ ಮೇಲಿನ ಕಪ್ಪು ಪಟ್ಟಿ ನೆನಪಾಗಿ ಹಣೆ ಬಡಿದುಕೊಂಡ. ಕೈಗೆ ಹಾಕಿಕೊಳ್ಳಲು ತಾನೇ ಕಟ್ಟಿಕೊಟ್ಟ ಕ್ಯಾಮೆರಾದ ಪಟ್ಟಿ ಅದು. ತನ್ನ ಅಂಗಡಿಯ ಮಾಲನ್ನೇ ಗುರುತಿಸದ ತಾನು ಯಾವ ಸೀಮೆಯ ಸಹಾಯಕನೋ ಎನಿಸಿತು.

ಅದೇ ಪಟ್ಟಿ ಎಂದು ಡಾಕ್ಟರು ತಲೆಯಾಡಿಸಿದರು. ಬಟ್ಟೆಯಂಥದ್ದು ಹಗ್ಗಕ್ಕೆ ಹೋಯಿತು. ಕ್ಯಾಮೆರಾವನ್ನು ಹಗ್ಗಕ್ಕೆ ಹಾಕಿದರೆ ಊರಿಗೆಲ್ಲ ಕಾಣುತ್ತದೆ. ಹಾಗಾದರೆ ಯಾರಿಗೂ ಕಾಣದೆ ಒಣಗುವ ಜಾಗ ಯಾವುದು? ನೀರು ತುಂಬಿದ ಕಾಯಿಯನ್ನು ಒಡೆಯದೆ, ಬಿಸಿಲಿಗೂ ಇಡದೆ, ಒಳಗಿನ ನೀರನ್ನೆಲ್ಲ ಹೀರಿ ಕೊಬ್ಬರಿ ಮಾಡುವ ಜಾಗ ಈ ಸೀಮೆಯ ಪ್ರತಿ ಮನೆಯಲ್ಲೂ ಇದೆ. ಅದೇ ಅಟ್ಟ. ಈ ಮನೆಯಲ್ಲಿ ಅದು ಹಳೆ ಅಡಿಗೆಮನೆಯ ಮೇಲಿದೆ, ಕೆಳಗೆ ಒಲೆ ಹಚ್ಚಿದರೆ ಇನ್ನೂ ಬೇಗ ಎಂದು ಒಣಗಿಸಿದವರ ಲೆಕ್ಕ. ನಿಪ್ಪಟ್ಟಿಲ್ಲದ ಒಲೆಯ ಗುಟ್ಟು ಅದು. ಮತ್ತೆ, ಕಾಯಿ ಅಲ್ಲಾಡಿಸಿ ನೋಡುವುದು ಒಳಗಿನ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗುಡುಗುಡು ಅನ್ನುವ ಕಾಲಕ್ಕೆ. ಯುಗಾದಿಗೆ ಹಾಕಿದ ಕಾಯಿಯನ್ನು ದಸರಾಕ್ಕೆ ಅಲ್ಲಾಡಿಸಿದರೆ ನೀರಿನ ಸದ್ದಲ್ಲದೆ ಇನ್ನೇನು ಕೇಳೀತು? ಹುಟ್ಟಿದಾಗಿನಿಂದ ಕೊಬ್ಬರಿ ಮಾಡಿದವರಿಗೆ ಅದು ಗೊತ್ತಿಲ್ಲದೆ ಇಲ್ಲ. ಅಂದಮೇಲೆ ಅವರು ಅಲ್ಲಾಡಿಸಲು ಹೋದದ್ದು ಕಾಯಿಯನ್ನಲ್ಲ.

ಯಾರೂ ಬಾಗಿಲಿನ ಕಡೆ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ನಿಸರ್ಗ ಎದ್ದು ಏಣಿ ಹತ್ತಿದಳು. ಒಲೆಯ ನೇರಕ್ಕೆ, ಕಾಯಿಗಳ ನಡುವೆ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಕ್ಯಾಮೆರಾ ಸಿಕ್ಕಿತು. ಡಾಕ್ಟರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇದು ಕೊಬ್ಬರಿಯಾಗಲು ಇನ್ನೂ ಸಮಯ ಬೇಕು ಎಂದರು. ಮಹಾಂತೇಶ ನೋಡಿದ. ಲೆನ್ಸಿನೊಳಗೆ ಬೆವರು, ಗುಂಡಿಗಳ ಸಂದಿಯಲ್ಲಿ ನಾರಿನ ಪುಡಿ. ಜೀವ ಹೋಗಿತ್ತು. ಚಿತ್ರಗಳಿರುವ ಮೆಮೊರಿ ಕಾರ್ಡು ಮಾತ್ರ ಗಟ್ಟಿಯಾಗಿತ್ತು. ಅದನ್ನು ತೆಗೆದು ಜೇಬಿನಲ್ಲಿದ್ದ ಕಾರ್ಡ್ ರೀಡರಿಗೆ ಹಾಕಿ ತನ್ನ ಫೋನಿನಲ್ಲಿ ತೆರೆದ.

ಮೊದಲನೆಯದು ಕೊಡದ ನೀರಿನ ಚಿತ್ರ. ಆಮೇಲೆ ಬಕೆಟ್ಟಿನ ನೀರು, ತೋಟದ ಹೊಂಡದ ನೀರು, ನಡುವೆ ಗಿರಿಜಮ್ಮನ ಕಾಲಿನ ಹೆಬ್ಬೆರಳು, ಮತ್ತೆ ನೀರು. ಮೊದಮೊದಲು ಓರೆಯಾಗಿದ್ದ ಚಿತ್ರಗಳು ಬರಬರುತ್ತ ನೆಟ್ಟಗಾಗಿದ್ದವು. ಕಡೆಯದರಲ್ಲಿ ದನದ ತೊಟ್ಟಿಯ ನೀರು ತೀರ ಹತ್ತಿರಕ್ಕೆ ಬಂದಿತ್ತು. ಅದನ್ನು ನೋಡಿ ನಿಸರ್ಗಳಿಗೆ ನಗು ತಡೆಯಲಾಗಲಿಲ್ಲ.

"ಕೈ ಜಾರ್ತು," ಎಂದರು ಗಿರಿಜಮ್ಮ. ಒಣಗಿಸಿ ಗೂಟಕ್ಕೆ ಹಾಕಿಬಿಡೋಣ ಅಂದುಕೊಂಡಿದ್ದರಂತೆ. ಅಷ್ಟರಲ್ಲಿ ಯಜಮಾನರು ಕಳ್ಳತನ ಅಂದುಬಿಟ್ಟರು, ಬಾಯಿ ಬಿಟ್ಟರೆ ಅವರ ಸಿಟ್ಟಿಗೆ ಪ್ರವಾಸ ನಿಲ್ಲುತ್ತದೆ, ಬಿಡದಿದ್ದರೂ ನಿಲ್ಲುತ್ತದೆ ಎಂದು ಸುಮ್ಮನಾದರಂತೆ.

ವೀರಭದ್ರಯ್ಯನವರು ಫೋನನ್ನು ಇಸಿದುಕೊಂಡು ಒಂದೊಂದೇ ಚಿತ್ರ ಮತ್ತೆ ನೋಡಿದರು. ಬೈಗುಳ ಈಗ ಬರುತ್ತದೆ ಎಂದು ಎಲ್ಲರೂ ತಲೆ ತಗ್ಗಿಸಿ ಕಾದರು.

"ನೀರು ಯಾಕೆ ತೆಗೆದೆ? ಮನೆ ತುಂಬ ಜನ ಇರಲಿಲ್ವಾ?"

"ಕಲಿಯಾನ ಅಂತ," ಎಂದರು ಗಿರಿಜಮ್ಮ, ನೆಲ ನೋಡುತ್ತ. "ನೀವು ಬರಲ್ಲ ಅಂದ್ರಲ್ಲ. ಸಮುದ್ರಾನ ನೆಟ್ಟಗೆ ಹಿಡ್ಕಂಡು ಬಂದು ನಿಮಗೆ ತೋರ್ಸಾನ ಅಂತಿದ್ದೆ."

ಮಹಾಂತೇಶನ ಕಣ್ಣು ತುಂಬಿ ಬಂತು. ಒಲೆಯ ಹೊಗೆ ಎಂದು ಹೇಳಿಕೊಳ್ಳಬಹುದಿತ್ತು, ಯಾರೂ ಕೇಳಲಿಲ್ಲ. ವೀರಭದ್ರಯ್ಯನವರು ಫೋನನ್ನು ಅವನ ಕೈಗೆ ಕೊಟ್ಟು, ಮಗನ ಮುಖ ನೋಡದೆ, ಕಾರಿನಲ್ಲಿ ಐದು ಜನ ಹಿಡಿಯುತ್ತಾರಾ ಎಂದು ಕೇಳಿದರು. ಹಿಡಿಯುತ್ತಾರೆ ಎಂದ ರೇಣುಕಪ್ರಸಾದ್. ತೋಟಕ್ಕೆ ಕಾಲಿಲ್ಲ, ಎಲ್ಲೂ ಹೋಗುವುದಿಲ್ಲ ಎಂದು ಯಜಮಾನರು ತಮಗೆ ತಾವೇ ಹೇಳಿಕೊಂಡು, ಒಗೆದ ಪಂಚೆ ಹುಡುಕಲು ಒಳಗೆ ಹೋದರು.

ವ್ಯಾಪಾರಿಯ ಬುದ್ಧಿ ಎಲ್ಲಿ ಹೋಗುತ್ತದೆ? ಮಹಾಂತೇಶ ಮೂಗೊರೆಸಿಕೊಂಡು, ಅಂಗಡಿ ತೆಗೆದು ಈಗಲೇ ಆ ನೀಲಿ ಕ್ಯಾಮೆರಾ ತಂದುಕೊಡುತ್ತೇನೆ, ಎಷ್ಟು ಸಲ ನೀರಿಗೆ ಬಿದ್ದರೂ ಏನೂ ಆಗುವುದಿಲ್ಲ ಎಂದ. ಗಿರಿಜಮ್ಮ ಆಗಲೇ ಯಜಮಾನರ ಅಂಗಿ ಮಡಿಸಿ ಚೀಲಕ್ಕೆ ತುಂಬುತ್ತಿದ್ದರು.

"ಬ್ಯಾಡ ಬುಡಪ್ಪ," ಎಂದರು, ತಲೆ ಎತ್ತದೆ. "ಅವರೇ ಬತ್ತಾವ್ರೆ. ಇನ್ನು ಫೋಟೋ ಯಾರಿಗೆ?"