ಒಂದು ಪೊಟ್ಟಣ ಸಕ್ಕರೆ

ಕುಕ್ ಟೌನಿನ ಆ ಶಾಲೆಯಲ್ಲಿ ಕನ್ನಡ ಮೇಡಂ ಯಮುನಾಳ ನಾಲಿಗೆಗೆ ಹೆದರದವರು ಇಬ್ಬರೇ. ಒಬ್ಬರು ಪ್ರಿನ್ಸಿಪಾಲ್ ಅಣ್ಣಮ್ಮ ಮೇಡಂ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಇನ್ನೊಬ್ಬ ಭೂಗೋಳದ ಸಿದ್ಧಲಿಂಗೇಶ. ಅವನಿಗೆ ಬರುತ್ತಿದ್ದುದು ಬೇರೆ ಕನ್ನಡ.

ರೋಣದ ಕಡೆಯವನು. ಶಾಲೆಗೆ ಸೇರಿ ವರ್ಷವಾಗಿತ್ತು. ಅಷ್ಟರಲ್ಲಿ ಸ್ಟಾಫ್ ರೂಮು ಅವನಿಂದ ಕೇಳಿದ ಮಾತುಗಳನ್ನು ಲೆಕ್ಕ ಹಾಕಿದರೆ ಅರ್ಧಕ್ಕರ್ಧ ಒಂದೇ: ‘ಅಡ್ಡಿ ಇಲ್ರಿ.’ ಕ್ಯಾಂಟೀನಿನ ಉಪ್ಪಿಟ್ಟು ಹೇಗಿದೆ? ಅಡ್ಡಿ ಇಲ್ರಿ. ಹೊಸ ತೂಗುಸೇತುವೆ ನೋಡಿದ್ರಾ? ಅಡ್ಡಿ ಇಲ್ರಿ. ಯಮುನಾ ಅದನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದಳೆಂದರೆ, ಪಿ.ಟಿ. ಮಾಸ್ತರು ವಾಜಿದ್ ಸರ್ ಮಧ್ಯಾಹ್ನದ ಬಿಡುವಿನಲ್ಲಿ ಬಂದು ಕೇಳುತ್ತಿದ್ದರು, "ಮೇಡಂ, ಒಂದ್ಸಲ ಬೋಲೋ ನಾ, ಅಡ್ಡಿ ಇಲ್ರಿ!" ಅವಳು ಕತ್ತು ಸ್ವಲ್ಪ ವಾರೆ ಮಾಡಿ, ಕಣ್ಣು ಮೇಜಿಗೆ ನೆಟ್ಟು, ಹೇಳಿ ತೋರಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಸಿದ್ಧಲಿಂಗೇಶನೂ ನಗುತ್ತಿದ್ದ. ಅವನು ನಕ್ಕಾಗ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತಿತ್ತು. ಆ ಗುಳಿಗಾಗಿಯೇ ಅವಳು ಅನುಕರಿಸುತ್ತಿದ್ದಳೆಂದು ಯಾರಿಗೂ ಗೊತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರ ಅಕ್ಟೋಬರಿನಲ್ಲಿ ಅಣ್ಣಮ್ಮ ಮೇಡಂ ಇಬ್ಬರನ್ನೂ ಕರೆದು ಕೈಗೊಂದು ಪಟ್ಟಿ ಕೊಟ್ಟರು. ಜನವರಿಯಲ್ಲಿ ಎಂಟನೇ ಕ್ಲಾಸಿನ ಕ್ಯಾಂಪು. ಡೇರೆ ಹಾಕಲು ಜಾಗ ಹುಡುಕಬೇಕು. ಶಾಲೆಯಿಂದ ಒಂದೂವರೆ ಗಂಟೆ ಮೀರಬಾರದು. ಕುಡಿಯುವ ನೀರಿರಬೇಕು, ತೆರೆದ ಬಾವಿ ಇರಬಾರದು. ಶೌಚಾಲಯ, ಹತ್ತಿರದಲ್ಲಿ ಆಸ್ಪತ್ರೆ, ಮೊಬೈಲಿಗೆ ಎರಡು ಕಡ್ಡಿಯಾದರೂ ಸಿಗ್ನಲ್. ಹೀಗೆ ಹದಿನಾಲ್ಕು. ಹದಿನಾಲ್ಕನೆಯದು ಇರುವೆ. ಹಿಂದಿನ ವರ್ಷ ಎಂಟನೇ ಬಿ ಸೆಕ್ಷನ್ನಿನ ಹುಡುಗನೊಬ್ಬ ಇರುವೆಗೂಡಿನ ಮೇಲೆ ಮಲಗಿದ್ದ, ಅವನಪ್ಪ ವಕೀಲ.

"ಲಾಸ್ಟ್ ವೀಕ್ ಆಫ್ ನವೆಂಬರ್, ಐ ವಾಂಟ್ ದಿ ರಿಪೋರ್ಟ್," ಎಂದರು ಅಣ್ಣಮ್ಮ ಮೇಡಂ.

ಅಂದರೆ ಶನಿವಾರಗಳು ಎಣಿಕೆಯವು. ಯಮುನಾಳಿಗೆ ವಯಸ್ಸು ಇಪ್ಪತ್ತೊಂಬತ್ತು. ಈ ಮನುಷ್ಯ ಬಾಯಿ ಬಿಟ್ಟು ಕೇಳಬೇಕು, ಅದೂ ಶನಿವಾರಗಳು ಮುಗಿಯುವುದರೊಳಗೆ. ಅವಳಾಗಿ ಕೇಳುವ ಹಾಗಿರಲಿಲ್ಲ. ಹಲಸೂರಿನ ಅವಳ ಮನೆಯ ಬಾಗಿಲ ಮೇಲೆ ಬುದ್ಧನ ಪಟವಿತ್ತು, ಸಿದ್ಧಲಿಂಗೇಶನ ಅಂಗಿಯೊಳಗೆ ಇಷ್ಟಲಿಂಗವಿತ್ತು. ನಡುವಿನ ದೂರ ಒಂದೂವರೆ ಗಂಟೆಗಿಂತ ಹೆಚ್ಚೆಂದು ಅವಳಿಗೆ ಗೊತ್ತಿತ್ತು. ದಾಟುವುದಾದರೆ ಅವನೇ ದಾಟಿ ಬರಲಿ.

ಗಾಡಿ ಮಾತ್ರ ಅವಳದು, ಕೈನೆಟಿಕ್ ಹೋಂಡಾ. ಸಿದ್ಧಲಿಂಗೇಶ ಹಿಂದೆ ಕೂತು, ತನ್ನ ಬೆನ್ನ ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಟಿನ್ ಫ್ಯಾಕ್ಟರಿ ಹತ್ತಿರದ ಗುಂಡಿಗಳು ಎಂಥೆಂಥ ನಾಚಿಕೆಯವರನ್ನೂ ಮುಂದಕ್ಕೆ ತಳ್ಳುತ್ತವೆ. ಇವನನ್ನು ತಳ್ಳಲಿಲ್ಲ. ಅವಳು ಬೇಕೆಂದೇ ಎರಡು ಗುಂಡಿ ಹೆಚ್ಚಿಗೆ ಇಳಿಸಿ ನೋಡಿದ್ದಳು.

ಮೊದಲ ಶನಿವಾರ ಹೊಸಕೋಟೆ ಕೆರೆಯ ಬದಿ. "ಕೆರೆ ಇದೆ, ಮಕ್ಕಳು ಮುಳುಗ್ತಾರೆ," ಎಂದಳು.

"ನೀರ ಇಲ್ಲಲ್ರಿ ಕೆರ್‍ಯಾಗ."

"ತುಂಬಿದ್ರೆ?"

ಅವನು ಒಣಗಿ ಬಿರುಕುಬಿಟ್ಟ ಕೆರೆಯನ್ನು ನೋಡಿದ, ಅವಳನ್ನು ನೋಡಿದ, ಪಟ್ಟಿಯಲ್ಲಿ ‘ಬೇಡ’ ಎಂದು ಬರೆದ.

ಎರಡನೆಯದು ಬೂದಿಗೆರೆಯ ನೀಲಗಿರಿ ತೋಪು. ಆ ವಾಸನೆಗೆ ಮಕ್ಕಳಿಗೆ ನೆಗಡಿಯಾಗುತ್ತದೆ ಎಂದಳು. "ನೆಗಡಿ ಆದ್ರ ಅದನ್ನ ಹಚ್ಚತಾರಲ್ರಿ," ಎಂದ. ಆದರೂ ‘ಬೇಡ’ ಬಿತ್ತು. ಮೂರನೆಯದು ಕಾಡುಗೋಡಿಯ ಆಚೆ. ತೀರಾ ಹತ್ತಿರವಾಯಿತು, ಅಳು ಬಂದವರು ನಡೆದುಕೊಂಡೇ ಮನೆಗೆ ಹೋಗಿಬಿಡುತ್ತಾರೆ. ನಾಲ್ಕನೆಯದು ಮಾಲೂರು ದಾರಿ. ದೂರ, ಒಂದು ಗಂಟೆ ಮೂವತ್ತನಾಲ್ಕು ನಿಮಿಷ. ಅದರಲ್ಲಿ ಇಪ್ಪತ್ತು ನಿಮಿಷ ಇಬ್ಬರೂ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದನ್ನು ಅವಳು ಕಳೆಯಲಿಲ್ಲ. ಭೂಗೋಳದವನೂ ಕಳೆಯಲಿಲ್ಲ.

ನಾಲ್ಕೂ ಒಳ್ಳೆಯ ಜಾಗಗಳೇ. ಒಂದನ್ನು ಒಪ್ಪಿದರೆ ಮುಂದಿನ ಶನಿವಾರ ಇರುತ್ತಿರಲಿಲ್ಲ, ಅಷ್ಟೆ.

ಬೂದಿಗೆರೆಯಿಂದ ಬರುವಾಗ ಮಳೆ ಹಿಡಿದು, ಅವನು ಹಲಸೂರಿನ ಮನೆಗೂ ಬಂದಿದ್ದ. ತಾಯಿ ಅಂಜಿನಮ್ಮ ಶುಂಠಿ ಹಾಕಿ ಟೀ ಮಾಡಿಕೊಟ್ಟರು. ಯಮುನಾ ಬಾಗಿಲಿಗೆ ಒರಗಿ ಪರೀಕ್ಷೆ ನಡೆಸಿದಳು: ಲೋಟ ಮುಟ್ಟುತ್ತಾನೋ, ತುಟಿಗಿಡುತ್ತಾನೋ, ಅರ್ಧ ಬಿಡುತ್ತಾನೋ. ಅವನು ಪೂರ್ತಿ ಕುಡಿದ. ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡ.

"ಹೇಗಿತ್ತಪ್ಪಾ?" ಎಂದರು ಅಂಜಿನಮ್ಮ.

"ಅಡ್ಡಿ ಇಲ್ರೀ ಅಮ್ಮಾರ."

ಅವನು ಹೋದ ಮೇಲೆ ಅಂಜಿನಮ್ಮ ಲೋಟ ತೊಳೆಯುತ್ತ ಗೊಣಗಿದರು. "ನನ್ ಟೀ ಅಡ್ಡಿ ಇಲ್ವಂತೆ! ಏನೋ ಪರವಾಗಿಲ್ಲ, ಕುಡೀಬೋದು ಅಂತ. ನೋಡೇ ದೊಡ್ಡ ಮನುಷ್ಯನ್ನ!"

ಯಮುನಾ ನಕ್ಕಳು. ಆದರೆ ಆ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಉಳಿಯಿತು. ಪರವಾಗಿಲ್ಲ, ಕುಡಿಯಬಹುದು.

ಐದನೆಯ ಶನಿವಾರ ಹೊಸಕೋಟೆ ದಾಟಿ ನಂದಗುಡಿ ರಸ್ತೆಯ ಒಂದು ಮಾವಿನ ತೋಪಿಗೆ ಹೋದರು. ನೋಡಿಕೊಳ್ಳುತ್ತಿದ್ದವನು ಮುನಿಶಾಮಿ ಎಂಬ ಮುದುಕ. ಕೊಳವೆಬಾವಿಯಿತ್ತು, ನೆರಳಿತ್ತು, ಎರಡು ಶೌಚಾಲಯವಿತ್ತು, ಸಿಗ್ನಲ್ ಮೂರು ಕಡ್ಡಿ. ಒಂದು ಗಂಟೆ ಹತ್ತು ನಿಮಿಷ. ಜಾಗದಲ್ಲಿ ತಪ್ಪು ಹುಡುಕುವುದು ಯಮುನಾಳಂಥವಳಿಗೂ ಕಷ್ಟವಾಯಿತು.

ಮುನಿಶಾಮಿ ಟೀ ಇಟ್ಟು ಹೋದ. ಸಿದ್ಧಲಿಂಗೇಶ ಅಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಬರುವಾಗ ಒಮ್ಮೆ ಕಂಬಿ ಬಿಟ್ಟು, ಅವಳ ಭುಜದ ಹತ್ತಿರ ಗಾಳಿಯಲ್ಲಿ ಕೈ ಹಿಡಿದು, ಮತ್ತೆ ಕಂಬಿಗೇ ಹೋಗಿದ್ದ. ಅವಳು ಅದನ್ನು ಕನ್ನಡಿಯಲ್ಲಿ ನೋಡಿದ್ದಳು. ಬಿಸಿಲು ಎಲೆಗಳ ನಡುವಿನಿಂದ ಇಳಿದು ಅವನ ಕಿವಿಯ ಮೇಲೆ ಆಡುತ್ತಿತ್ತು. ಅವಳಿಗೆ ಕೆಣಕಬೇಕೆನಿಸಿತು. ಕೆಣಕುವುದನ್ನು ಬಿಟ್ಟರೆ ಪ್ರೀತಿ ತೋರಿಸುವ ಬೇರೆ ದಾರಿ ಅವಳಿಗೆ ಗೊತ್ತಿರಲಿಲ್ಲ.

"ಜಾಗ ಹೇಗಿದೆ ಸಾರ್?"

"ಅಡ್ಡಿ ಇಲ್ರಿ."

"ಮರ?"

"ಅಡ್ಡಿ ಇಲ್ರಿ."

"ಮುನಿಶಾಮಿ ಟೀ?"

"ಅದಕ್ಕ ಹಾಲು ಕಮ್ಮಿ ಆಗೇತ್ರಿ."

ಅವಳು ನಕ್ಕಳು. ಆಮೇಲೆ, ನಗು ಇನ್ನೂ ಮುಖದಲ್ಲಿರುವಾಗಲೇ, "ನಾನು?" ಎಂದುಬಿಟ್ಟಳು.

ಅವನು ಪೆನ್ನಿನ ಮುಚ್ಚಳ ಹಾಕಿದ. ಎದ್ದು ನಿಂತ. ವರ್ಷದಲ್ಲಿ ಮೊದಲ ಬಾರಿಗೆ ಮೇಜನ್ನೂ ನೆಲವನ್ನೂ ಬಿಟ್ಟು ನೇರ ಅವಳ ಕಣ್ಣು ನೋಡಿದ. ಗಂಟಲು ಸರಿಮಾಡಿಕೊಂಡ. ಮಾವಿನ ತೋಪು, ಅದರಲ್ಲಿದ್ದ ಯಮುನಾ, ಅವಳ ಇಪ್ಪತ್ತೊಂಬತ್ತು ವರ್ಷ, ಎಲ್ಲವೂ ಕಾದವು.

"ಅಡ್ಡಿ ಇಲ್ರಿ," ಎಂದ.

ಯಮುನಾಳ ಕಿವಿ ಬಿಸಿಯಾಯಿತು. ಪರವಾಗಿಲ್ಲ, ಕುಡಿಯಬಹುದು.

ಅವನು ಮಾತ್ರ ಕೈಚೀಲದಿಂದ ಏನನ್ನೋ ತೆಗೆಯುತ್ತಿದ್ದ. ಹಳೆಯ ಪತ್ರಿಕೆಯಲ್ಲಿ ಕಟ್ಟಿ, ದಾರ ಸುತ್ತಿದ ಪೊಟ್ಟಣ. ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ.

"ಏನಿದು?"

"ಸಕ್ರಿ."

ಅವಳು ಪಟ್ಟಿ ನೋಡಿದಳು. ಹದಿನಾಲ್ಕನೆಯ ಅಂಶದ ಮುಂದೆ ಇನ್ನೂ ಗುರುತು ಬಿದ್ದಿರಲಿಲ್ಲ.

"ಓಹೋ, ಇರುವೆ ಟೆಸ್ಟಿಗಾ! ಎಲ್ಲಾ ತಯಾರಿ ಮಾಡ್ಕೊಂಡೇ ಬಂದಿದ್ದೀರಿ," ಎಂದು ಪೊಟ್ಟಣ ಕಿತ್ತುಕೊಂಡು, ದಾರ ಹರಿದು, ಮಾವಿನ ಬುಡದಲ್ಲಿ ಅಷ್ಟನ್ನೂ ಸುರಿದಳು. ಒಂದು ಚಿಟಿಕೆ ಸಾಕಾಗಿತ್ತು. ಸಿಟ್ಟಿಗೆ ಅಳತೆ ಗೊತ್ತಿರಲಿಲ್ಲ.

ಸಿದ್ಧಲಿಂಗೇಶನ ಗಂಟಲಿನಿಂದ ಸಣ್ಣದೊಂದು ಶಬ್ದ ಬಂತು. ಚಾಚಿದ ಕೈಗಳನ್ನು ಅವನು ಕೂಡಲೇ ಹಿಂದೆಗೆಯಲಿಲ್ಲ.

ಇರುವೆಗಳು ಬಂದವು. ಮೊದಲು ಎರಡು, ಆಮೇಲೆ ಒಂದು ಸಾಲು, ಆಮೇಲೆ ಮೆರವಣಿಗೆ.

"ನೋಡಿ ಸಾರ್," ಎಂದಳು ಯಮುನಾ, "ನಿಮ್ ಸಕ್ಕರೆಗೆ ಆಸೆಪಡೋರು ಇಲ್ಲಾದ್ರೂ ಇದ್ದಾರೆ." ಪಟ್ಟಿ ಅವನ ಕೈಯಿಂದ ತೆಗೆದುಕೊಂಡು ತಾನೇ ಬರೆದಳು: ‘ಇರುವೆ ವಿಪರೀತ. ಬೇಡ.’

"ಹಂಗ್ರೀ?" ಎಂದ ಅವನು, ಬಹಳ ಮೆಲ್ಲಗೆ.

"ಹಂಗೇ ರೀ," ಎಂದಳು, ಅವನದೇ ದನಿಯಲ್ಲಿ.

ವಾಪಸು ಬರುವಾಗ ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಅವನು ಇಳಿದುಕೊಂಡ. ಬಸ್ಸಿನಲ್ಲಿ ಹೋಗುತ್ತೇನೆಂದ. ಸೋಮವಾರ ಸ್ಟಾಫ್ ರೂಮಿನಲ್ಲಿ ಅವಳು ಇರುವೆ ಟೆಸ್ಟಿನ ಕಥೆಯನ್ನು ಅಭಿನಯಸಮೇತ ಹೇಳಿದಳು. ಚಾಚಿದ ಕೈಗಳನ್ನೂ ಮಾಡಿ ತೋರಿಸಿದಳು. ವಾಜಿದ್ ಸರ್ ಕಣ್ಣೊರೆಸಿಕೊಂಡು ನಕ್ಕರು. ಸಿದ್ಧಲಿಂಗೇಶ ಮೂಲೆಯಲ್ಲಿ ಭೂಪಟ ಸುತ್ತುತ್ತಿದ್ದ. ಗುಳಿ ಬೀಳಲಿಲ್ಲ. ಮಂಗಳವಾರದಿಂದ ಅವನು ರಜೆ.

ಹತ್ತು ದಿನ ಬಿಟ್ಟು ಬಂದ. ವಾಜಿದ್ ಸರ್ ಬಾಗಿಲಲ್ಲೇ ಹಿಡಿದರು. "ಕ್ಯಾ ಸರ್, ಊರಲ್ಲಿ ಏನ್ ವಿಶೇಷ?"

"ಏನಿಲ್ರಿ, ಸಕ್ರಿ ಆತು."

"ಶುಗರ್? ಈ ವಯಸ್ಸಿಗೇನಾ? ಡಾಕ್ಟರ್‌ಗೆ ತೋರ್ಸಿದ್ರಾ?"

ಸ್ಟಾಫ್ ರೂಮು ಗೊಳ್ಳೆಂದಿತು. ಸಿದ್ಧಲಿಂಗೇಶ ನಗು ಮುಗಿಯುವವರೆಗೆ ಕಾದು, ಪಾಠ ಹೇಳುವಂತೆ ಹೇಳಿದ. "ಹಂಗಲ್ರಿ. ನಮ್ಮ ಕಡೆ ಸಂಬಂಧ ಗಟ್ಟಿ ಆದ್ರ ಸಕ್ರಿ ಕೊಡ್ತಾರ. ಹುಡುಗಿ ಮನಸಿಗೆ ಬಂದ್ರ ‘ಅಡ್ಡಿ ಇಲ್ಲ’ ಅಂತ ಎದ್ದ ನಿಂತ ಹೇಳೂದು, ಕೈಯಾಗ ಸಕ್ರಿ ಕೊಡೂದು. ಆಕಡಿಯವರೂ ‘ಅಡ್ಡಿ ಇಲ್ಲ’ ಅಂದ್ರ, ‘ಆತು’ ಅಂತಾರ. ಮುಂದ ಮಾತ ಇಲ್ಲ."

ಕಿಟಕಿಯ ಹತ್ತಿರ ಯಮುನಾ ಏಳನೇ ಕ್ಲಾಸಿನ ಪತ್ರಿಕೆ ತಿದ್ದುತ್ತಿದ್ದಳು. ‘ಅರ್ಥ ಬರೆಯಿರಿ’ ಎಂಬ ಪ್ರಶ್ನೆಗೆ ಬಂದಿದ್ದಳು. ಕೆಂಪು ಪೆನ್ನು ಅಲ್ಲೇ ನಿಂತು, ಕಾಗದದ ಮೇಲೆ ಒಂದು ಚುಕ್ಕಿ ದೊಡ್ಡದಾಗುತ್ತಾ ಹೋಯಿತು.

ಮೂರನೆಯ ಪೀರಿಯಡ್ಡಿಗೆ ಮುಂಚೆ ಕಾರಿಡಾರಿನಲ್ಲಿ ಅವನಿಗೆ ಅಡ್ಡ ನಿಂತಳು.

"ಅವತ್ತಿನ ಸಕ್ಕರೆ..."

"ಇರುವಿ ತಿಂದ್ವಲ್ರಿ."

"ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ನಲ್ರಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ನೀವು ಕನ್ನಡ ಮೇಡಂ ಅದೀರಿ. ನಿಮಗ ನಾ ಅರ್ಥ ಬಿಡಿಸಿ ಹೇಳೂದೇನ್ರಿ? ತಿಳದ ಮಾಡಿದ್ರಿ ಅನ್ಕೊಂಡ್ನಿ. ನಾಕ ಜಾಗ ಬ್ಯಾಡಂದ್ರಿ, ಐದನೇದಕ್ಕ ನನಗೂ ಅಂದ್ರಿ."

"ಆ ನಾಲ್ಕೂ ಚೆನ್ನಾಗೇ ಇತ್ತು," ಎಂದಳು ಯಮುನಾ. "ಹೊಸಕೋಟೆನೂ ಚೆನ್ನಾಗಿತ್ತು. ಬೂದಿಗೆರೆನೂ. ಶನಿವಾರ ಮುಗಿದೋಗುತ್ತಲ್ಲಾ ಅಂತ..." ಅಷ್ಟು ಉದ್ದ ನಾಲಿಗೆಯವಳಿಗೆ ಮುಂದಿನ ಪದ ಸಿಗಲಿಲ್ಲ.

ಸಿದ್ಧಲಿಂಗೇಶ ಸುಣ್ಣ ಉದುರಿದ ಗೋಡೆಯತ್ತ ತಿರುಗಿದ. "ಆ ಸಕ್ರಿ ಅಂಗಡಿದಲ್ರಿ," ಎಂದ. "ಅವ್ವ ಕಳಿಸಿದ್ದು. ಬ್ಯಾರೆ ಮಂದಿ ಅಂತ ಮೊದಲ ಎರಡ ವಾರ ಅತ್ಲು. ಆಮ್ಯಾಲೆ ದೇವರ ಮುಂದ ಇಟ್ಟು, ಬಸ್ಸಿನ್ಯಾಗ ಕೊಟ್ಟ ಕಳಿಸಿದ್ಲು. ಹುಡುಗಿ ಏನಂದ್ಲು ಅಂತ ಕೇಳಿದ್ಲು. ಇರುವಿಗೆ ಹಾಕಿದ್ರು ಅಂದೆ. ಎರಡನೇ ದಿನಾನ ಬ್ಯಾರೆ ಕಡೆ ನೋಡಿದ್ಲು."

"ಈಗ...?"

"ಅವರ ಕೈಯಾಗ ಸಕ್ರಿ ಕೊಟ್ಟೇವ್ರಿ," ಎಂದ. "ಅವರು ತಿಂದಾರ."

ಗಂಟೆ ಹೊಡೆಯಿತು. ಏಳನೇ ಕ್ಲಾಸು ಇಬ್ಬರ ನಡುವಿನಿಂದ ಕೂಗುತ್ತ ಹಾದುಹೋಯಿತು.

ನವೆಂಬರಿನ ಕೊನೆಯ ವಾರ ಯಮುನಾ ವರದಿ ಕೊಟ್ಟಳು. ಮುನಿಶಾಮಿಯ ತೋಪು. ಅಣ್ಣಮ್ಮ ಮೇಡಂ ಕನ್ನಡಕ ಏರಿಸಿ, ಹದಿನಾಲ್ಕನೆಯ ಅಂಶದ ಮುಂದೆ ಹೊಡೆದುಹಾಕಿದ ‘ಬೇಡ’ವನ್ನು ಬೆರಳಲ್ಲಿ ಮುಟ್ಟಿ, ಇರುವೆಗಳು ಏನಾದವೆಂದು ಕೇಳಿದರು. ಸಕ್ಕರೆ ಹಾಕಿದ್ದರಿಂದ ಬಂದವು, ಹಾಕದಿದ್ದರೆ ಬರುವುದಿಲ್ಲ ಎಂದು ಯಮುನಾ ಇಂಗ್ಲಿಷಿನಲ್ಲಿ ಹೇಳಿದಳು. ಇಂಗ್ಲಿಷಿನಲ್ಲಿ ಅದು ಬರೀ ಇರುವೆಯ ಮಾತಾಗಿ ಕೇಳಿಸಿತು.

ಜನವರಿಯಲ್ಲಿ ಕ್ಯಾಂಪಾಯಿತು. ಮಧ್ಯಾಹ್ನದ ಊಟ ಮುಗಿಸಿ ಮಾಸ್ತರುಗಳೆಲ್ಲ ಅದೇ ಮಾವಿನ ಬುಡದಲ್ಲಿ ಜಮಖಾನ ಹಾಸಿ ಕೂತಿದ್ದರು. ಸಿದ್ಧಲಿಂಗೇಶನ ಜೇಬಿನಿಂದ ವಾಜಿದ್ ಸರ್ ಒಂದು ಫೋಟೋ ಎಗರಿಸಿದರು. ಅದು ಕೈಯಿಂದ ಕೈಗೆ ಹೋಯಿತು. ಮಾಶಾಲ್ಲಾ ಎಂದರು, ಸೂಪರ್ ಎಂದರು, ಕೊನೆಗೆ ಯಮುನಾಳಿಗೆ ಬಂತು.

ಹಸಿರು ಸೀರೆ ಉಟ್ಟ ಹುಡುಗಿ, ಕ್ಯಾಮೆರಾಕ್ಕೆ ಹೆದರಿದ ಕಣ್ಣು. ಹುಡುಕಿದರೂ ತಪ್ಪು ಸಿಗದಂಥ ಮುಖ.

"ಯಮುನಾ ಮೇಡಂ, ನೀವು ಬೋಲೋ," ಎಂದರು ವಾಜಿದ್ ಸರ್. "ಹುಡುಗಿ ಹೇಗಿದ್ದಾಳೆ?" ಏನು ಬರಲಿದೆಯೆಂದು ಗೊತ್ತಿದ್ದವರಂತೆ ಎಲ್ಲರೂ ಮೊದಲೇ ನಗಲು ಸಿದ್ಧರಾದರು.

ಯಮುನಾ ಎದ್ದು ನಿಂತಳು. ಕತ್ತು ವಾರೆ ಮಾಡಲಿಲ್ಲ, ದನಿ ಬದಲಿಸಲಿಲ್ಲ. ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಸಿದ್ಧಲಿಂಗೇಶನ ಮುಂದೆ ಚಾಚಿ, ನೇರ ಅವನ ಕಣ್ಣು ನೋಡಿದಳು.

"ಅಡ್ಡಿ ಇಲ್ಲ," ಎಂದಳು.

ಜಮಖಾನದ ಮೇಲಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಇಷ್ಟು ಚೆನ್ನಾಗಿ ಅವಳು ಎಂದೂ ಮಾಡಿರಲಿಲ್ಲವೆಂದು ವಾಜಿದ್ ಸರ್ ಆಮೇಲೂ ಬಹಳ ದಿನ ಹೇಳುತ್ತಿದ್ದರು. ಸಿದ್ಧಲಿಂಗೇಶನೊಬ್ಬ ನಗಲಿಲ್ಲ. ಅವನೂ ಎದ್ದು ನಿಂತ. ಎರಡೂ ಕೈಯಲ್ಲಿ ಫೋಟೋ ತೆಗೆದುಕೊಂಡು, ಅಂಗಿಯ ಜೇಬಿಗೆ ಇಳಿಸಿ, ಮೇಲಿಂದ ಒಮ್ಮೆ ಅಂಗೈ ಇಟ್ಟುಕೊಂಡ.

"ಆತ್ರಿ," ಎಂದ.